ಟ್ರೈ-ಕ್ಯಾಚ್, ಕೈಯಿಂದ ಬರೆದ ರಿಸಲ್ಟ್, ನೆವರ್‌ಥ್ರೋ: ಒಂದೇ ಫಾರ್ಮಿನ ಮೇಲೆ ಮೂರು ಪ್ರಯೋಗ

ತೀರ್ಥಹಳ್ಳಿ ಕಡೆಯ ಕೆಲವು ಅಡಿಕೆ ಬೆಳೆಗಾರರಿಗಾಗಿ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಚಿಕ್ಕ ವೆಬ್ ಫಾರ್ಮ್ ಬರೆದಿದ್ದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ಬಗೆಗಳಲ್ಲಿ ಒಂದನ್ನು ಆರಿಸಿ, ತೂಕ ತುಂಬಿ, ಸರ್ವರಿಗೆ ಕಳುಹಿಸುವುದಷ್ಟೇ ಅದರ ಕೆಲಸ. ದೋಷ ನಿರ್ವಹಣೆಯ ಭಾಗವನ್ನು ಮಾತ್ರ ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಬರೆಯಬೇಕಾಯಿತು.

ಮೊದಲನೆಯದು ಟ್ರೈ-ಕ್ಯಾಚ್: ಏನಾದರೂ ಕೆಟ್ಟರೆ ಕೋಡ್ ದೋಷವನ್ನು 'ಎಸೆಯುತ್ತದೆ', ಕ್ಯಾಚ್ ಎಂಬ ಭಾಗ ಅದನ್ನು ಹಿಡಿಯುತ್ತದೆ. ಜಾವಾದಲ್ಲಿರುವಂತೆ ಒಂದು ಫಂಕ್ಷನ್ ಯಾವ ದೋಷವನ್ನು ಎಸೆಯಬಹುದೆಂದು ಘೋಷಿಸುವ ವ್ಯವಸ್ಥೆ ಟೈಪ್‌ಸ್ಕ್ರಿಪ್ಟಿನಲ್ಲಿಲ್ಲ. ಆದ್ದರಿಂದ ಫಂಕ್ಷನ್ನಿನ ಟೈಪ್, ಅಂದರೆ ಅದು ಏನನ್ನು ಹಿಂದಿರುಗಿಸುತ್ತದೆಂಬ ವಿವರಣೆ, ಯಶಸ್ಸನ್ನಷ್ಟೇ ಹೇಳುತ್ತದೆ. 2021ರ 4.4ನೇ ಆವೃತ್ತಿಯಿಂದ ಸ್ಟ್ರಿಕ್ಟ್ (ಕಟ್ಟುನಿಟ್ಟಿನ ತಪಾಸಣೆಯ) ಸ್ಥಿತಿಯಲ್ಲಿ ಕ್ಯಾಚ್‌ಗೆ ಸಿಗುವ ಮೌಲ್ಯ 'ಅನ್‌ನೋನ್' (ಟೈಪ್ ಗೊತ್ತಿಲ್ಲದ್ದು) ಆಗಿರುವುದರಿಂದ ಅದನ್ನು ಪರೀಕ್ಷಿಸದೆ ಬಳಸಲಾಗದು, ನಿಜ. ಆದರೆ ಕ್ಯಾಚ್ ಬರೆಯುವುದನ್ನೇ ಮರೆತರೆ ಯಾರೂ ಎಚ್ಚರಿಸುವುದಿಲ್ಲ. ನಾನು ಎಡವಿದ್ದು ಮಾತ್ರ ಬೇರೆ ಕಡೆ. ಸರ್ವರ್ 500 (ತನ್ನೊಳಗೇ ದೋಷ) ಎಂದು ಉತ್ತರಿಸಿದರೂ, ವಿನಂತಿ ಕಳುಹಿಸುವ ಫೆಚ್ ಫಂಕ್ಷನ್ ಅದನ್ನು ವೈಫಲ್ಯವೆಂದು ಎಸೆಯುವುದಿಲ್ಲ, ಸಂಪರ್ಕವೇ ಸಿಗದಿದ್ದಾಗ ಎಸೆಯುತ್ತದೆ. ಇದನ್ನು ಅಲಕ್ಷಿಸಿದ ಕಾರಣ, ಉಳಿಯದ ದಾಖಲೆಗಳಿಗೂ ಪರದೆ 'ದಾಖಲಾಯಿತು' ಎಂದು ತೋರಿಸಿ, ಒಂದು ಮಧ್ಯಾಹ್ನದ ತೂಕವನ್ನೆಲ್ಲ ಚೀಟಿ ನೋಡಿ ಮತ್ತೆ ತುಂಬಬೇಕಾಯಿತು. ಇದು ಟ್ರೈ-ಕ್ಯಾಚ್‌ನ ತಪ್ಪಲ್ಲ, ನನ್ನದೇ.

ಎರಡನೆಯದರಲ್ಲಿ ಯಶಸ್ಸು ಅಥವಾ ದೋಷ, ಎರಡರಲ್ಲೊಂದಾಗಿರುವ ಯೂನಿಯನ್ ಟೈಪನ್ನು, ಅಂದರೆ ರಿಸಲ್ಟನ್ನು, ನಾನೇ ಐದಾರು ಸಾಲಿನಲ್ಲಿ ಬರೆದುಕೊಂಡೆ. 'ಓಕೆ' ಎಂಬ ಗುರುತನ್ನು ಪರೀಕ್ಷಿಸುವವರೆಗೆ ಒಳಗಿನ ಮೌಲ್ಯವನ್ನು ಮುಟ್ಟಲು, ಕೋಡನ್ನು ಓಡಿಸುವ ಮೊದಲೇ ಪರೀಕ್ಷಿಸುವ ಕಂಪೈಲರ್ ಬಿಡುವುದಿಲ್ಲ. ಸಂಪರ್ಕವಿಲ್ಲ, ತೂಕ ಸರಿಯಿಲ್ಲ, ಸರ್ವರ್ ನಿರಾಕರಿಸಿತು ಎಂಬ ಮೂರು ದೋಷಗಳಿದ್ದ ಕಡೆ 'ಈಗಾಗಲೇ ದಾಖಲಾಗಿದೆ' ಎಂಬ ನಾಲ್ಕನೆಯದನ್ನು ಸೇರಿಸಿದೊಡನೆ, ಒಂದೊಂದು ದೋಷಕ್ಕೂ ಒಂದೊಂದು ಕವಲಿರುವ ಸ್ವಿಚ್‌ನ ಕೊನೆಯಲ್ಲಿ 'ನೆವರ್' (ಇಲ್ಲಿಗೆ ಯಾವ ಮೌಲ್ಯವೂ ಬರಬಾರದು ಎಂಬ) ಟೈಪಿನ ತಪಾಸಣೆ ಇಟ್ಟಿದ್ದರಿಂದ, ಅದನ್ನು ನಿಭಾಯಿಸದ ಎರಡು ಪುಟಗಳು ಕಂಪೈಲ್ ಆಗದೆ ನಿಂತವು. ನನಗೆ ಬೇಕಾಗಿದ್ದುದು ಇದೇ. ಆಷಾಢದ ಮಳೆಯಲ್ಲಿ ನೆಟ್‌ವರ್ಕ್ ಹೋಗುವುದು ನಮ್ಮಲ್ಲಿ ಅಪವಾದವಲ್ಲ, ದಿನಚರಿ. ಅದನ್ನು ಎಕ್ಸೆಪ್ಷನ್ ಎಂದು ಕರೆದು ಟೈಪಿನ ಹೊರಗಿಡುವುದರಲ್ಲಿ ಅರ್ಥವಿಲ್ಲ. ಆದರೂ ಕೊರತೆಗಳಿವೆ. ಹಿಂದಿರುಗಿದ ರಿಸಲ್ಟನ್ನು ಬಳಸದೇ ಬಿಟ್ಟರೆ ರಸ್ಟ್ ಎಂಬ ಭಾಷೆಯ ಕಂಪೈಲರ್ ಎಚ್ಚರಿಸುತ್ತದೆ, ಟೈಪ್‌ಸ್ಕ್ರಿಪ್ಟ್ ಸುಮ್ಮನಿರುತ್ತದೆ. ರಸ್ಟ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ ಕೆಲಸಕ್ಕೆ ಇಲ್ಲಿ ಪ್ರತಿ ಹೆಜ್ಜೆಯಲ್ಲೂ 'ದೋಷವಿದ್ದರೆ ಹಿಂದಿರುಗು' ಎಂದು ಬರೆಯಬೇಕು.

ಈ ಪುನರಾವರ್ತನೆಯನ್ನು ನೆವರ್‌ಥ್ರೋ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಪ್ಪಿಸುತ್ತದೆ. 'ಆಂಡ್‌ದೆನ್' ಮೂಲಕ ಹೆಜ್ಜೆಗಳನ್ನು ಪೋಣಿಸಿದರೆ ಮೊದಲ ದೋಷದಲ್ಲೇ ಸರಪಳಿ ನಿಲ್ಲುತ್ತದೆ. ಪ್ರಾಮಿಸನ್ನು (ಮುಂದೆ ಬರಲಿರುವ ಉತ್ತರವನ್ನು) ರಿಸಲ್ಟ್ ಆಗಿಸುವಾಗ ದೋಷವನ್ನು ಯಾವ ಟೈಪಿಗೆ ಪರಿವರ್ತಿಸಬೇಕೆಂದು ಹೇಳಲೇಬೇಕಾಗುತ್ತದೆ. ಆದರೆ ಪ್ರಾಮಿಸಿನ ಉತ್ತರಕ್ಕೆ ಕಾದು ಸಾಲುಸಾಲಾಗಿ ಮುಂದುವರಿಯುವ ಅವೇಟ್‌ಗೆ ಒಗ್ಗಿದ ಗೆಳೆಯನಿಗೆ ನಾಲ್ಕು ಹೆಜ್ಜೆಯ ಸರಪಳಿಯನ್ನು ಓದುವುದು ತ್ರಾಸವಾಯಿತು, ಮತ್ತು ಎಲ್ಲೋ ಒಂದು ಟೈಪ್ ಹೊಂದದಿದ್ದರೆ ಬರುವ ಸಂದೇಶ ಓದಲು ನನಗೂ ತಾಳ್ಮೆ ಸಾಲಲಿಲ್ಲ.

ಹಾಗಾಗಿ ಫಾರ್ಮಿನಲ್ಲಿ ಕೈಯಿಂದ ಬರೆದ ರಿಸಲ್ಟ್ ಉಳಿದಿದೆ. ಹಲವು ಹಂತಗಳಲ್ಲಿ ಪರಿಶೀಲನೆ ನಡೆಯುವ ಸರ್ವರ್ ಭಾಗಕ್ಕೆ ಮಾತ್ರ ನೆವರ್‌ಥ್ರೋ. ಟ್ರೈ-ಕ್ಯಾಚ್ ಈಗ ಮೂರೇ ಕಡೆ ಇದೆ: ಫೆಚ್ ಸುತ್ತ, ಪಠ್ಯರೂಪದ ದತ್ತಾಂಶವನ್ನು ಓದಿಕೊಳ್ಳುವ ಜೇಸನ್ ಪಾರ್ಸ್ ಸುತ್ತ, ಮತ್ತು ನನ್ನದೇ ಬಗ್‌ಗಳನ್ನು ಹಿಡಿದು ಲಾಗ್‌ನಲ್ಲಿ ಬರೆಯಲು ಎಲ್ಲಕ್ಕಿಂತ ಹೊರಗೆ ಒಂದು.