ಎರಡು ಏಡ್, ಒಂದು ಏಡ್, ಬೈಕ್ರಾಸ್: ಸಮವಿಲ್ಲದ ಕಿವಿಗಳಿಗೆ ನಾನು ಹಾಕಿ ನೋಡಿದವು

ನನ್ನ ಬಲಗಿವಿಯ ಸರಾಸರಿ ನಷ್ಟ 45 ಡೆಸಿಬೆಲ್, ಎಡಗಿವಿಯದು 85. ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ವಾಕ್-ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ ಆಡಿಯೋಗ್ರಾಂನಲ್ಲಿ (ಕಿವಿ ಪರೀಕ್ಷೆಯ ವರದಿಯಲ್ಲಿ) ಈ ಅಂಕಿಗಳಿಗಿಂತ ಮುಖ್ಯವಾದ ಸಾಲೊಂದಿತ್ತು: ಎಷ್ಟು ಜೋರಾಗಿ ಹೇಳಿದರೂ ಎಡಗಿವಿ ಹತ್ತು ಪದಗಳಲ್ಲಿ ಎರಡನ್ನಷ್ಟೇ ಗುರುತಿಸುತ್ತಿತ್ತು. ಆ ಸಾಲನ್ನು ಗಮನಿಸದೆ ಎರಡೂ ಕಿವಿಗೆ ಹಿಯರಿಂಗ್ ಏಡ್ ಕೊಂಡು ಕೆಟ್ಟೆ. ಈಗ ಹಾಕಿಕೊಳ್ಳುತ್ತಿರುವುದು ಬೈಕ್ರಾಸ್, ಅಂದರೆ ಕೆಟ್ಟ ಕಿವಿಯ ಕಡೆಯ ಸದ್ದನ್ನು ಒಳ್ಳೆಯ ಕಿವಿಯ ಏಡ್‌ಗೆ ದಾಟಿಸುವ ಜೋಡಿ; ಬಿಡುವ ಯೋಚನೆಯಿಲ್ಲ.

ಕೊಳ್ಳುವ ಮುನ್ನ ಒಂದು ಮಾತು. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳಿಗೆ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ. ಒಂದೇ ಕಡೆ ಇಷ್ಟು ಕೆಟ್ಟಿದ್ದರೆ ಶ್ರವಣ ನರದ ಬಳಿ ಗಡ್ಡೆ ಇಲ್ಲವೆಂದು ಎಂಆರ್‌ಐ ಮಾಡಿಸಿ ಖಚಿತಪಡಿಸಿಕೊಳ್ಳಬೇಕೆಂದು ಇಎನ್‌ಟಿ ವೈದ್ಯರು ಹೇಳಿದರು. ನನಗೆ ಅಂಥದ್ದೇನೂ ಇರಲಿಲ್ಲ.

ಕನ್ನಡಕಕ್ಕೆ ಎರಡು ಗಾಜಿರುವಂತೆ ಕಿವಿಗೂ ಎರಡು ಬೇಕೆಂದು ಅಂಗಡಿಯವರು ಒಪ್ಪಿಸಿದ್ದರು. ಎಡಗಿವಿಯ ಏಡ್ ಸದ್ದನ್ನು ಹೆಚ್ಚಿಸಿತೇ ಹೊರತು ಮಾತನ್ನು ತಿಳಿಯಾಗಿಸಲಿಲ್ಲ. ಮೆಲ್ಲಗಿನದು ಕೇಳುತ್ತಿರಲಿಲ್ಲ, ಕುಕ್ಕರಿನ ಸೀಟಿಯೋ ತಲೆಗೆ ಮೊಳೆ ಹೊಡೆದಂತಾಗುತ್ತಿತ್ತು. ಮೂರು ವಾರಕ್ಕೆ ತೆಗೆದಿಟ್ಟೆ. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ.

ಬಲಗಿವಿಗೆ ಮಾತ್ರ ಏಡ್ ಹಾಕಿದ ತಿಂಗಳು ಮನೆಯಲ್ಲಿ ನೆಮ್ಮದಿಯಾಗಿಯೇ ಕಳೆಯಿತು. ಎಡಕ್ಕೆ ಕೂತವರ ಮಾತಿಗೆ ನನ್ನ ತಲೆಯೇ ಅಡ್ಡಗೋಡೆಯಾಗಿ, ಸ, ಶ, ತ ಮುಂತಾದ ತೀಕ್ಷ್ಣ ಧ್ವನಿಗಳು ಬಲಕ್ಕೆ ತಲುಪುವಷ್ಟರಲ್ಲಿ ಸವೆದುಹೋಗುತ್ತಿದ್ದವು.

ಬೈಕ್ರಾಸ್‌ನಲ್ಲಿ ಎಡಗಿವಿಯ ಹಿಂದಿನ ಮೈಕು ಆ ಕಡೆಯ ಸದ್ದನ್ನು ತಂತಿಯಿಲ್ಲದೆ ಬಲಗಿವಿಯ ಏಡ್‌ಗೆ ಕಳಿಸುತ್ತದೆ. ಎರಡೂ ಒಂದೇ ಕಂಪನಿಯ, ಪರಸ್ಪರ ಹೊಂದುವ ಮಾದರಿಗಳಾಗಿರಬೇಕು. ನನ್ನ ಬಲಗಿವಿಯದಕ್ಕೆ ಜೋಡಿ ಸಿಕ್ಕಿದ್ದು ಅದೃಷ್ಟ. ಊಟಕ್ಕೆ ಕೂತಾಗ ಎಡಗಡೆಯಿಂದ ಹೆಂಡತಿ ಹೇಳಿದ್ದು ಮೊದಲ ಸಲಕ್ಕೇ ಕೇಳಿತು.

ತೊಡಕು ಎದುರಾದದ್ದು ಲೋಕಲ್ ರೈಲಿನಲ್ಲಿ. ಭಾನುವಾರಗಳಂದು ಡೊಂಬಿವಲಿಯಿಂದ ಮಾಟುಂಗಾದ ಕನ್ನಡ ಸಂಘವಾದ ಮೈಸೂರು ಅಸೋಸಿಯೇಷನ್ನಿಗೆ ಗೆಳೆಯರೊಬ್ಬರೊಡನೆ ಹೋಗುತ್ತೇನೆ. ಅವರು ಬಲಕ್ಕೆ, ಕಿಟಕಿ ಎಡಕ್ಕೆ. ಮೊದಲು ಕಿಟಕಿಯ ಗದ್ದಲವನ್ನು ನನ್ನ ತಲೆಯೇ ತಡೆಯುತ್ತಿತ್ತು. ಈಗ ಗಾಳಿಯ ಮೊರೆತವನ್ನೂ ಹಳಿಗಳ ಕಿರುಚಾಟವನ್ನೂ ಈ ಮೈಕು ನನ್ನ ಒಂದೇ ಒಳ್ಳೆಯ ಕಿವಿಗೆ ತಂದು ಸುರಿಯುತ್ತಿತ್ತು. ಆ ಗೋಡೆಯನ್ನು ದುಡ್ಡು ಕೊಟ್ಟು ಕೆಡವಿಸಿಕೊಂಡ ಹಾಗಾಯಿತು.

ಅಂಥ ಕಡೆ ಎಡಗಡೆಯ ಮೈಕನ್ನು ಆಫ್ ಮಾಡಬೇಕೆಂದು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹೇಳಿದರು. ಅದರ ಗುಂಡಿ ಅಕ್ಕಿಕಾಳಿನಷ್ಟು. ಕನ್ನಡಕದ ಕಡ್ಡಿಯ ಪಕ್ಕದಲ್ಲಿ ಅದನ್ನು ತಡಕುವುದು ನನ್ನ ಬೆರಳುಗಳಿಗೆ ಆಗದ ಕೆಲಸ. ಒಮ್ಮೆ ಥಾಣೆ ಸ್ಟೇಷನ್ನಿನ ಬಳಿ ತಪ್ಪಾಗಿ ಒತ್ತಿ ಧ್ವನಿಯನ್ನೇ ತಗ್ಗಿಸಿಕೊಂಡು, ಗೆಳೆಯರು ಹೇಳುತ್ತಿದ್ದ ಸಾವಿನ ಸುದ್ದಿಗೆ ನಗುತ್ತಾ ತಲೆಯಾಡಿಸಿದೆ. ಕೊನೆಗೆ ಉಳಿದದ್ದು ಆ ಮೈಕಿನ ಸೆಲ್ಲಿನ ಬಾಗಿಲು, ತೆರೆದರೆ ಮೈಕು ಆಫ್: ರೈಲು ಹತ್ತಿದೊಡನೆ ಉಗುರಿನಿಂದ ತೆರೆಯುತ್ತೇನೆ, ಇಳಿದ ಮೇಲೆ ಮುಚ್ಚುತ್ತೇನೆ. ಮುಚ್ಚಲು ಮರೆತು ಒಂದು ನಾಟಕದ ಮೊದಲ ಅಂಕವನ್ನು ಅರ್ಧವೇ ಕೇಳಿದ್ದೂ ಉಂಟು.

ದಿಕ್ಕು ಮಾತ್ರ ಯಾವುದರಲ್ಲೂ ತಿಳಿಯುವುದಿಲ್ಲ. ರಸ್ತೆ ದಾಟುವಾಗ ಕಣ್ಣನ್ನೇ ನಂಬಬೇಕು.

ಮನೆಯಲ್ಲೇ ಹೆಚ್ಚು ಇರುವವರಿಗೆ, ಕೂರುವ ಜಾಗವನ್ನು ತಾವೇ ಆರಿಸಿಕೊಳ್ಳಬಲ್ಲವರಿಗೆ ಬಲಗಿವಿಯಂಥ ಒಳ್ಳೆಯ ಕಿವಿಗೊಂದು ಏಡ್ ಸಾಕು, ಖರ್ಚೂ ಅರ್ಧ. ನಾನು ಸಭೆ, ನಾಟಕಗಳಿಗೆ ಹೋಗುವವನಾದ್ದರಿಂದ ಎಡಗಡೆಯ ಮೈಕಿಗಾಗಿ ಪಿಂಚಣಿಯ ಉಳಿತಾಯದಿಂದ ಮತ್ತೆ ದುಡ್ಡು ತೆಗೆದೆ. ಮೊದಲು ಕೊಂಡ ಎಡಗಿವಿಯ ಏಡ್ ಡಬ್ಬಿಯಲ್ಲಿದೆ; ಅರ್ಧ ಬೆಲೆಗೂ ಅದನ್ನು ಕೇಳುವವರಿಲ್ಲ.