ಸದ್ದಿಗೆ ಅಂತ ಹೆಡರ್ ಹಾಕಿಸಿದೆ, ಹೊಗೆ ಕಾರಿನೊಳಗೆ ಬಂತು

ಹಳೇ ಪೆಟ್ರೋಲ್ ಕಾರಿಗೆ ಹೊರಗಿನ ವರ್ಕ್‌ಶಾಪಿನಲ್ಲಿ ಬೇರೆ ಎಕ್ಸಾಸ್ಟ್ (ಹೊಗೆ ಹೋಗುವ ಪೈಪ್) ಮಾಡಿಸಿದವರು, ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಆಷಾಢದಲ್ಲಿ ಚಾರ್ಮಾಡಿ ಘಾಟಿಯಲ್ಲಿ ನನ್ನ ಹೆಂಡತಿ, ಮಗಳ ಜೀವಕ್ಕೇ ಕುತ್ತು ಬರುವುದಿತ್ತು. ಕಾರಣ ವೆಲ್ಡಿಂಗ್‌ನಲ್ಲಿ ಬಿಟ್ಟ ಒಂದು ಬಿರುಕು. ಬೆರಳುದ್ದವೂ ಇರಲಿಲ್ಲ.

ನನ್ನದು 2008ರ ಮಿತ್ಸುಬಿಷಿ ಸೀಡಿಯಾ. 2.0 ಲೀಟರ್ ಇಂಜಿನ್, 115 ಪಿಎಸ್. ಈಗ ನೋಡಿದವರಿಗೆ ಹಳೇ ಸೆಡಾನ್ ಅನಿಸಬಹುದು, ಆದರೆ ಚಿಕ್ಕಮಗಳೂರಿನಲ್ಲಿ ರ್‍ಯಾಲಿ ನೋಡಿದವರಿಗೆ ಆ ಗಾಡಿ ಏನು ಅಂತ ಗೊತ್ತು. ಕಾಲೇಜಿನಲ್ಲಿದ್ದಾಗ ಕಾಫಿ ತೋಟದ ಬೇಲಿ ಪಕ್ಕ ನಿಂತು, ಕೆಂಪು ಮಣ್ಣು ಎರಚಿಕೊಂಡು ಸೀಡಿಯಾ ತಿರುವಿನಲ್ಲಿ ಅಡ್ಡಡ್ಡ ಜಾರುವುದನ್ನು ನೋಡಿದ್ದೆ. ಆ ಸದ್ದು ತಲೆಯಲ್ಲೇ ಉಳಿದಿತ್ತು. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಗಾಡಿ ಸಿಕ್ಕಿತು. ಸದ್ದು ಮಾತ್ರ ಸಿಗಲಿಲ್ಲ.

ಹಾಗಾಗಿ ಹಾಸನದ ಒಂದು ವರ್ಕ್‌ಶಾಪಿಗೆ ಹೋದೆ. ಹೆಸರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಹೆಡರ್, ಅಂದರೆ ನಾಲ್ಕು ಸಿಲಿಂಡರಿನ ಹೊಗೆಯನ್ನು ಒಂದು ಪೈಪಿಗೆ ತರುವ ಕೊಳವೆಗಳು, ಎರಡೂವರೆ ಇಂಚಿನ ಸ್ಟೀಲ್ ಪೈಪ್, ಹಿಂದೆ ಫ್ರೀ ಫ್ಲೋ ಮಫ್ಲರ್ (ಹೊಗೆಗೆ ಅಡ್ಡಿ ಕಡಿಮೆ ಇರುವ ಸೈಲೆನ್ಸರ್). ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಅಲ್ಲಿ ನೇರ ಪೈಪ್. ಒಟ್ಟು 42,000 ರೂಪಾಯಿ. "ಹತ್ತು ಹದಿನೈದು ಬಿಎಚ್‌ಪಿ ಗ್ಯಾರಂಟಿ ಸಾರ್" ಅಂದರು. ಪವರ್ ಅಳೆದು ತೋರಿಸುವ ಡೈನೋ ಮಿಷನ್ ಅವರ ಹತ್ತಿರ ಇರಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಪವರ್ ವಿಷಯ ಹೇಳಿ ಮುಗಿಸುತ್ತೇನೆ. ಬರಲಿಲ್ಲ. ದಪ್ಪ ಪೈಪ್ ಹಾಕಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಗಾಡಿ ಹಾರುತ್ತದೆ ಅನ್ನುವುದು ಅರ್ಧ ಮಾತು. ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಹೊಗೆ ಪೈಪಿನೊಳಗೆ ವೇಗವಾಗಿ ಓಡಬೇಕು, ಒಂದು ಸಿಲಿಂಡರಿನಿಂದ ಹೊರಟ ಹೊಗೆಯ ಸೆಳೆತವೇ ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳಬೇಕು. ಪೈಪ್ ಬೇಕಾದ್ದಕ್ಕಿಂತ ದಪ್ಪವಾದರೆ ಆ ವೇಗ ಹೋಗುತ್ತದೆ, ಇಂಜಿನ್ ನಿಧಾನಕ್ಕೆ ತಿರುಗುವಾಗ (ಕಡಿಮೆ ಆರ್‌ಪಿಎಂನಲ್ಲಿ) ಟಾರ್ಕ್, ಅಂದರೆ ಎಳೆಯುವ ಬಲ, ಬಿದ್ದುಹೋಗುತ್ತದೆ. ಆಲ್ದೂರು ರಸ್ತೆಯ ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಯುತ್ತಿದ್ದ ಗಾಡಿಯನ್ನು ಎರಡಕ್ಕೆ ಇಳಿಸಬೇಕಾಯಿತು. ನಮ್ಮ ಮಲೆನಾಡಿನ ರಸ್ತೆಗೆ ಬೇಕಾಗಿರುವುದೇ ಆ ಕೆಳಗಿನ ಟಾರ್ಕ್, ಅಲ್ವಾ? ಲೀಟರಿಗೆ ಹನ್ನೊಂದು ಕೊಡುತ್ತಿದ್ದ ಮೈಲೇಜ್ ಎಂಟಕ್ಕೆ ಬಂತು. ಸದ್ದು ಮಾತ್ರ ಚೆನ್ನಾಗಿತ್ತು. ಆ ಸದ್ದಿನ ಖುಷಿಯಲ್ಲಿ ಉಳಿದದ್ದನ್ನೆಲ್ಲ ನಾನು ಕಡೆಗಣಿಸಿದೆ.

ಎರಡು ತಿಂಗಳಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರಲು ಶುರುವಾಯಿತು. ಐದು ನಿಮಿಷ ಓಡಿಸಿದರೆ ನಿಂತುಹೋಗುತ್ತಿತ್ತು. ಫೋನ್ ಮಾಡಿ ಕೇಳಿದರೆ "ಟ್ಯಾಪೆಟ್ ಸದ್ದು ಸಾರ್, ಹಳೇ ಇಂಜಿನ್ ಅಲ್ವಾ, ಸುಮ್ನೆ ಓಡಿಸಿ" ಅಂದರು. ಓಡಿಸಿದೆ. ಈ ಟಿಕ್ ಟಿಕ್ ಬಗ್ಗೆ ಚೆನ್ನಾಗಿ ತಿಳಿದುಕೊಳ್ಳಿ. ಇಂಜಿನ್ ತಣ್ಣಗಿರುವಾಗ ಬಂದು, ಬಿಸಿಯಾದ ಮೇಲೆ ಹೋಗುವ ಸದ್ದು ಎಷ್ಟೋ ಸಲ ಎಕ್ಸಾಸ್ಟ್ ಲೀಕಿನದ್ದು. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಲೀಕ್ ಅಲ್ಲೇ ಇರುತ್ತದೆ, ದಿನಾ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಾ.

ಆಷಾಢದಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ನಾನು, ಹೆಂಡತಿ, ಆರು ವರ್ಷದ ಮಗಳು. ವಾಪಸ್ ಬರುವಾಗ ಉಜಿರೆ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಘಾಟಿ ಹತ್ತುವಾಗ ಮಂಜು, ಮುಂದೆ ಒಂದು ಲೋಡ್ ಲಾರಿ, ಮೊದಲನೇ ಎರಡನೇ ಗೇರಿನಲ್ಲೇ ತೆವಳಿಕೊಂಡು ಬಂದೆವು. ಕಿಟಕಿ ಎಲ್ಲ ಮುಚ್ಚಿತ್ತು. ಗಾಜಿಗೆ ಆವಿ ಕಟ್ಟುತ್ತಿತ್ತು ಅಂತ ಬ್ಲೋವರನ್ನು ಜೋರಾಗಿ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವ ಹಾಗೆ ಇಟ್ಟಿದ್ದೆ. ಆ ಹೊರಗಿನ ಗಾಳಿ ಬರುವುದು ಮುಂದಿನ ಗಾಜಿನ ಬುಡದಿಂದ, ಅಂದರೆ ಬಾನೆಟ್ಟಿನ ಹಿಂಬದಿಯಿಂದ. ಗಾಡಿ ವೇಗವಾಗಿ ಹೋಗುವಾಗ ಬಾನೆಟ್ ಒಳಗಿನ ಹೊಗೆ ಹಾರಿಹೋಗುತ್ತದೆ. ತೆವಳುವಾಗ ಅಲ್ಲೇ ನಿಲ್ಲುತ್ತದೆ, ಬ್ಲೋವರ್ ಅದನ್ನು ನೇರ ಒಳಗೆ ಎಳೆಯುತ್ತದೆ.

ಅರ್ಧ ಘಾಟಿಯಲ್ಲಿ ಮಗಳು "ಅಪ್ಪ, ತಲೆ ನೋವು" ಅಂದಳು. ತಿರುವಿಗೆ ಹಾಗಾಗಿರಬೇಕು ಅಂದುಕೊಂಡೆವು. ಆಮೇಲೆ ವಾಂತಿ ಮಾಡಿಕೊಂಡಳು. ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುವುದು ಹೊಸದಲ್ಲವಲ್ಲ. ಸ್ವಲ್ಪ ಹೊತ್ತಿಗೆ ಹೆಂಡತಿ "ರೀ, ನನಗೂ ತಲೆ ಸಿಡೀತಿದೆ, ಇವಳು ಕಣ್ಣೇ ಬಿಡ್ತಿಲ್ಲ ನೋಡಿ" ಅಂದಳು. ನನಗೂ ಹಣೆ ಬಿಗಿದ ಹಾಗಿತ್ತು. ಮೂರೂ ಜನಕ್ಕೆ ಒಟ್ಟಿಗೆ ತಲೆನೋವು ಹೇಗೆ ಬರುತ್ತದೆ ಅಂತ ಆಗ ತಲೆಗೆ ಹೊಳೆಯಿತು. ಮಳೆಯಲ್ಲೇ ನಾಲ್ಕೂ ಕಿಟಕಿ ಇಳಿಸಿದೆ. ಒದ್ದೆಯಾಗಿಕೊಂಡೇ ಕೊಟ್ಟಿಗೆಹಾರ ತಲುಪಿ, ಇಳಿದು ಗಾಳಿಗೆ ನಿಂತೆವು. ಮಗಳ ಕಾಲು ನಿಲ್ಲುತ್ತಿರಲಿಲ್ಲ. ಅಲ್ಲಿಂದ ಬಾಡಿಗೆ ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ.

ಅಲ್ಲಿ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಮಿಷನ್ ಶೇಕಡಾ 98 ತೋರಿಸಿತು. ನನಗೆ ಸಮಾಧಾನವಾಯಿತು. ಡಾಕ್ಟರಿಗೆ ಆಗಲಿಲ್ಲ. ಗಾಡಿ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ರಕ್ತಕ್ಕೆ ಅಂಟಿಕೊಂಡರೂ ಆ ಮಿಷನ್ ಅದನ್ನು ಆಕ್ಸಿಜನ್ ಅಂತಲೇ ಲೆಕ್ಕ ಹಾಕುತ್ತದಂತೆ. ಆಕ್ಸಿಜನ್ನಿಗಿಂತ ಇನ್ನೂರು ಪಟ್ಟು ಬಿಗಿಯಾಗಿ ಅದು ರಕ್ತಕ್ಕೆ ಅಂಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸುಮ್ನೆ ಗಾಳಿಯಲ್ಲಿ ಕೂತರೆ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರೆ ಒಂದು ಒಂದೂವರೆ ಗಂಟೆ. ಮೂವರಿಗೂ ಮಾಸ್ಕ್ ಹಾಕಿದರು. ಮಗಳು ಸಂಜೆ ಹೊತ್ತಿಗೆ ಹಸಿವು ಅಂದಳು. ಆ ಮಾತು ಕೇಳುವವರೆಗೆ ನಾನು ಕೂತಲ್ಲಿಂದ ಎದ್ದಿರಲಿಲ್ಲ.

ಗಾಡಿಯನ್ನು ಟೋ ಮಾಡಿಸಿ ಚಿಕ್ಕಮಗಳೂರಿನ ನನ್ನ ಹಳೇ ಮೆಕ್ಯಾನಿಕ್ ಹತ್ತಿರ ತಂದೆ. ಅವರು ಟಾರ್ಚ್ ಹಿಡಿದು ಒಂದೇ ನಿಮಿಷಕ್ಕೆ ಹುಡುಕಿದರು. ಹೆಡರಿನ ನಾಲ್ಕು ಪೈಪ್ ಒಂದಾಗುವ ಜಾಗದ ಕೆಳಗೆ, ವೆಲ್ಡಿಂಗ್ ಅಂಚಿನಲ್ಲಿ ಬಿರುಕು. ಎದುರಿಗಿದ್ದ ತಗಡಿನ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಕಪ್ಪು ಮಸಿ. ಬೆರಳಲ್ಲಿ ಒರೆಸಿದರೆ ಕಾಡಿಗೆ ಥರ ಅಂಟಿತು. "ಫ್ಲೆಕ್ಸ್ ಪೈಪ್ ಎಲ್ಲಿ ಸಾರ್?" ಅಂತ ಕೇಳಿದರು. ಇರಲಿಲ್ಲ.

ಇದೇ ಮೂಲ. ಅಡ್ಡ ಕೂರಿಸಿದ ಇಂಜಿನ್ ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಪೈಪ್ ಗಾಡಿಯ ತಳಕ್ಕೆ ನೇತುಬಿದ್ದಿರುತ್ತದೆ. ನಡುವೆ ಜಾಲರಿ ಸುತ್ತಿದ ಮೆತ್ತನೆ ತುಂಡು, ಅದೇ ಫ್ಲೆಕ್ಸ್ ಪೈಪ್, ಆ ತೂಗಾಟವನ್ನು ತಡೆದುಕೊಳ್ಳುತ್ತದೆ. ಅದನ್ನು ಬಿಟ್ಟು ನೇರ ಪೈಪ್ ಬೆಸೆದರೆ ಒತ್ತಡವೆಲ್ಲ ವೆಲ್ಡಿಂಗ್ ಮೇಲೆ ಬೀಳುತ್ತದೆ. ಇನ್ನೊಂದು ಕೇಡು ನೋಡಿ. ಬಿರುಕು ಇದ್ದದ್ದು ಆಕ್ಸಿಜನ್ ಸೆನ್ಸರಿಗೆ ಸ್ವಲ್ಪ ಮುಂಚೆ. ಬಿರುಕಿನಲ್ಲಿ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಹೊರಗಿನ ಗಾಳಿ ಒಳಗೂ ಬರುತ್ತದೆ. ಗಾಳಿ ಜಾಸ್ತಿ ಇದೆ ಅಂತ ಸೆನ್ಸರ್ ಹೇಳುತ್ತದೆ, ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡೂ ಜಾಸ್ತಿ. ಮೈಲೇಜ್ ಬಿದ್ದದ್ದಕ್ಕೂ ಇದೇ ಕಾರಣ ಇರಬೇಕು, ನಾನು ಪೈಪ್ ದಪ್ಪ ಅಂತ ಸುಮ್ಮನಿದ್ದೆ.

ಈಗಾಗಲೇ ಇಂಥ ಕೆಲಸ ಮಾಡಿಸಿದ್ದರೆ ನಾಳೆ ಬೆಳಿಗ್ಗೆಯೇ ನೋಡಿ. ಗಾಡಿ ಬಯಲಿನಲ್ಲಿರಲಿ, ಶೆಡ್ಡಿನೊಳಗೆ ಬೇಡ. ತಣ್ಣಗಿರುವಾಗ ಟಾರ್ಚ್ ಹಾಕಿ ಪ್ರತಿ ಜಾಯಿಂಟಿನಲ್ಲಿ ಮಸಿ ಇದೆಯಾ ನೋಡಿ. ಸೋಪು ನೀರು ಹಚ್ಚಿ ಸ್ಟಾರ್ಟ್ ಮಾಡಿಸಿ, ಗುಳ್ಳೆ ಎದ್ದರೆ ಅಲ್ಲೇ ಲೀಕ್. ಇನ್ನೊಬ್ಬರು ಹಿಂದಿನ ಪೈಪಿಗೆ ದಪ್ಪ ಒದ್ದೆ ಬಟ್ಟೆಯನ್ನು ಒಂದೆರಡು ಸೆಕೆಂಡ್ ಅಡ್ಡ ಹಿಡಿದರೆ ಲೀಕ್ ಇರುವ ಕಡೆ ಬುಸ್ ಅನ್ನುವುದು ಕೇಳುತ್ತದೆ. ದಾರಿಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ತಲೆನೋವು ಬಂದರೆ ಮಳೆಯೋ ಚಳಿಯೋ, ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ, ಇಳಿಯಿರಿ.

ಕ್ಯಾಟ್, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ತೆಗೆಸಬೇಡಿ. ಕಾನೂನಿಗೂ ಅದು ತಪ್ಪು. 2019ರ ತಿದ್ದುಪಡಿ ಆದ ಮೇಲೆ ಹೊಗೆ, ಸದ್ದಿನ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಬಿಚ್ಚಿದ ಹಳೇ ಸಾಮಾನನ್ನು ವರ್ಕ್‌ಶಾಪಿನಲ್ಲಿ ಬಿಟ್ಟು ಬರಲೇಬೇಡಿ. ನನಗೆ "ಅದು ಗುಜರಿ ಸಾರ್" ಅಂದಿದ್ದರು. ಕ್ಯಾಟ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಅನ್ನುವ ದುಬಾರಿ ಲೋಹ ಇರುತ್ತದೆ. ವಾಪಸ್ ಕೇಳಲು ಹೋದಾಗ ಯಾವತ್ತೋ ಮಾರಿ ಆಗಿತ್ತು.

ಗಾಡಿ ಈಗ ಶೆಡ್ಡಿನಲ್ಲಿ ನಿಂತಿದೆ. ಕಂಪನಿ ಪೈಪನ್ನೇ ವಾಪಸ್ ಹಾಕಿಸಬೇಕು ಅಂತ ಹುಡುಕುತ್ತಿದ್ದೇನೆ. ಯಾರ ಹತ್ತಿರವಾದರೂ ಸೀಡಿಯಾದ ಒರಿಜಿನಲ್ ಮ್ಯಾನಿಫೋಲ್ಡ್ (ಹೆಡರ್ ಜಾಗದಲ್ಲಿ ಮೊದಲಿದ್ದ ಕಂಪನಿ ಸಾಮಾನು), ಕ್ಯಾಟ್, ಫ್ಲೆಕ್ಸ್ ಇರುವ ಮುಂದಿನ ಪೈಪ್ ಇದ್ದರೆ ತಿಳಿಸಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಬಿರುಕು ಇರಬಾರದು ಅಷ್ಟೆ.