ಟೋವಾ ಪಯೋದ ಚೀನೀ ಮದ್ದಿನಂಗಡಿಯೂ ನಮ್ಮಮ್ಮನ ಮೂಗೂ

ಅಂಗಡಿಯ ಹೆಸರು ಬರೆಯಲ್ಲ. ಹೊಗಳಿಕೆಯ ಜೊತೆ ಒಂದು ತಕರಾರೂ ಇರೋದರಿಂದ ಅದೇ ಸರಿ. ಬೋರ್ಡಿನ ಮೇಲಿರುವ ನಾಲ್ಕು ಬಂಗಾರದ ಅಕ್ಷರ ಹನ್ನೊಂದು ವರ್ಷವಾದರೂ ನನಗೆ ಓದೋಕೆ ಬಂದಿಲ್ಲ ಅನ್ನೋದು ಬೇರೆ ಮಾತು. ಸಿಂಗಪುರದಲ್ಲಿ ಇರುವವರಿಗೆ ಗುರುತು ಹೇಳಬೇಕಾಗಿಲ್ಲ. ಹಳೇ ಎಚ್‌ಡಿಬಿ (ಸರ್ಕಾರಿ ವಸತಿ) ಬ್ಲಾಕುಗಳ ಕೆಳಗೆ ಒಂದು ಬೇಕರಿ, ಒಂದು ಕಟಿಂಗ್ ಶಾಪು, ಒಂದು ‘ಮೆಡಿಕಲ್ ಹಾಲ್’ ಇರುತ್ತಲ್ಲ, ಅಂಥದ್ದೇ. ನಮ್ಮದು ಟೋವಾ ಪಯೋದಲ್ಲಿ, ಲಿಫ್ಟ್ ಇಳಿದು ಮೂರು ನಿಮಿಷದ ನಡಿಗೆ.

ಎಂಟು ವರ್ಷ ಅದರ ಮುಂದೆ ದಿನಾ ಓಡಾಡಿದರೂ ಒಳಗೆ ಕಾಲಿಟ್ಟಿರಲಿಲ್ಲ. ಗಾಜಿನ ಭರಣಿಗಳಲ್ಲಿ ಒಣಗಿದ ಸಮುದ್ರ ಕುದುರೆ, ಕಡ್ಡಿಗೆ ಸಿಗಿಸಿ ಚಪ್ಪಟೆ ಮಾಡಿದ ಹಲ್ಲಿ ಕಂಡರೆ ಶಾಕಾಹಾರಿ ಹೆಂಗಸಿಗೆ ಒಳಗೆ ಹೋಗುವ ಮನಸ್ಸಾದರೂ ಹೇಗೆ ಬರುತ್ತೆ? ಆದರೆ ವಾಸನೆ ಮಾತ್ರ ಎಳೆಯುತ್ತಿತ್ತು. ನಮ್ಮೂರು ತೀರ್ಥಹಳ್ಳಿ ಕಡೆ. ಪಂಡಿತರ ಮನೆ ಜಗಲಿಯಲ್ಲಿ ಬರುತ್ತಿದ್ದ ಅದೇ ವಾಸನೆ. ಒಣಬೇರು, ಸ್ವಲ್ಪ ಮಣ್ಣು, ಸ್ವಲ್ಪ ಸಿಹಿ, ಎಲ್ಲೋ ಒಂದು ಕಡೆ ಕರ್ಪೂರ.

ನನ್ನ ಎರಡನೇ ಬಾಣಂತನಕ್ಕೆ ಅಮ್ಮ ಬಂದಾಗ ಆ ಬಾಗಿಲು ದಾಟಿದ್ದಾಯಿತು. ಎದುರುಮನೆಯ ಚೀನೀ ಆಂಟಿ ನಾನು ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಬಂದು ವಿಚಾರಿಸಿದ್ದರು. ಅವರಲ್ಲೂ ಬಾಣಂತನ ಒಂದು ತಿಂಗಳು: ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಶುಂಠಿ ಜಾಸ್ತಿ, ತಂಪಿನ ತರಕಾರಿ ಬೇಡ. ನಾನು ಅನುವಾದ ಮಾಡಿ ಹೇಳುತ್ತಾ ಹೋದಂತೆ ಅಮ್ಮನ ಮುಖ ಅರಳಿತು. “ಇವ್ರು ನಮ್ಮೋರೇ ಅಲ್ವನೇ ಹಾಗಾದ್ರೆ?” ಅಂದಳು. ಬಾಣಂತಿ ಬರೀ ನೀರು ಕುಡಿಯೋ ಬದಲು ‘ರೆಡ್ ಡೇಟ್ ಟೀ’ ಕುಡಿಯಬೇಕು, ಕೆಳಗಿನ ಅಂಗಡಿಯಲ್ಲಿ ಸಿಗುತ್ತೆ ಅಂತ ಆಂಟಿ ಹೇಳಿದರು. ನಾನು ಮನೆ ಬಿಟ್ಟು ಇಳಿಯುವ ಹಾಗಿಲ್ಲ, ಅಮ್ಮನಿಗೆ ಇಂಗ್ಲಿಷೂ ಬರಲ್ಲ ಚೀನೀಯೂ ಬರಲ್ಲ. ಚೀಟಿ ಬರೆದು ಕೊಟ್ಟು ನಮ್ಮವರನ್ನು ಜೊತೆಗೆ ಕಳಿಸಿದೆ. ಮುಕ್ಕಾಲು ಗಂಟೆ ಬಿಟ್ಟು ಬಂದ ಅಮ್ಮ ಹೇಳಿದ್ದು, “ಅಲ್ಲೊಬ್ರು ಪಂಡಿತರಿದಾರೆ, ಪಾಪ, ಒಳ್ಳೇ ಜನ.”

ಅವರು ಪಂಡಿತರಲ್ಲ, ಅಂಗಡಿ ಯಜಮಾನರು. ಎಪ್ಪತ್ತು ದಾಟಿರಬೇಕು. ಇಲ್ಲಿಯ ರೂಢಿಯಂತೆ ಎಲ್ಲರಿಗೂ ಅವರು ಅಂಕಲ್. ಅವರ ಬೆನ್ನ ಹಿಂದೆ ಗೋಡೆ ತುಂಬ ಮರದ ಸಣ್ಣ ಸಣ್ಣ ಸೆಳೆಖಾನೆ, ಒಂದೊಂದರೊಳಗೂ ಮೂರು ನಾಲ್ಕು ಗೂಡು. ಯಾವುದರ ಮೇಲೂ ಚೀಟಿ ಇಲ್ಲ. ಅಂಕಲ್ ತಿರುಗಿ ನೋಡದೆಯೇ ಕೈ ಹಾಕುತ್ತಾರೆ. ದುಬಾರಿ ಬೇರುಗಳನ್ನು ಇವತ್ತಿಗೂ ಪೆನ್ಸಿಲ್‌ನಷ್ಟು ಸಣ್ಣ ದಂಡಿಯ ಕೈತಕ್ಕಡಿಯಲ್ಲಿ ತೂಗುತ್ತಾರೆ. ಲೆಕ್ಕ ‘ಟೇಲ್’ನಲ್ಲಿ, ಒಂದು ಟೇಲ್ ಅಂದರೆ ಸುಮಾರು 38 ಗ್ರಾಂ. ಹೊಸಬರು ಇಲ್ಲೇ ಎಡವೋದು. ಭರಣಿಯ ಮೇಲೆ ಬರೆದ ಬೆಲೆ 100 ಗ್ರಾಮಿಗೆ ಅಂತ ನಾನೂ ಒಮ್ಮೆ ಅಂದುಕೊಂಡು ಬಿಲ್ ನೋಡಿ ಗಾಬರಿಯಾಗಿದ್ದೆ.

ತಿಂಗಳು ಕಳೆದ ಮೇಲೆ ನಾನೂ ಅಮ್ಮನ ಜೊತೆ ಹೋದೆ. ಆವತ್ತು ನೋಡಿದ್ದನ್ನು ಹೇಳಲೇಬೇಕು. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಅಂಕಲ್ ಒಂದು ಸೆಳೆಖಾನೆ ಎಳೆದು, ತೆಳ್ಳಗೆ ಓರೆಯಾಗಿ ಕತ್ತರಿಸಿದ ಹಳದಿ ಬಿಲ್ಲೆಯೊಂದನ್ನು ಅಮ್ಮನ ಅಂಗೈಗೆ ಹಾಕಿದರು. ಅಮ್ಮ ಮೂಸಿದಳು, ತುದಿ ಕಚ್ಚಿದಳು. “ಜೇಷ್ಠಮಧು!” ಅಂಕಲ್‌ಗೆ ಶಬ್ದ ತಿಳಿಯಲಿಲ್ಲ, ಮುಖ ತಿಳಿಯಿತು. “ಗಾನ್ ಚಾವ್” ಅಂದರು. ಮುಂದಿನ ಸೆಳೆಖಾನೆ. ಏಣು ಏಣಾದ ಕಪ್ಪು ಕಾಯಿ. ಅದಕ್ಕೆ ಮೂಸುವ ಅಗತ್ಯವೂ ಬೀಳಲಿಲ್ಲ. “ಅಳಲೆಕಾಯಿ. ನಿಂಗೆ ತೇಯ್ದು ನೆಕ್ಕಿಸ್ತಿದ್ನಲ್ಲೇ.” ಆಮೇಲೆ ಹಿಪ್ಪಲಿ. ಆಮೇಲೆ ಒಂದು ಕಂದು ಬಣ್ಣದ ಸಣ್ಣ ಗೆಡ್ಡೆ. ಅಮ್ಮ ಎರಡು ಸಲ ಮೂಸಿದಳು, ಉಗುರಲ್ಲಿ ಕೆರೆದಳು, ನಕ್ಕುಬಿಟ್ಟಳು. ಕೊನ್ನಾರಿ ಗೆಡ್ಡೆ. “ಇದನ್ನ ಕಿತ್ತು ಕಿತ್ತು ಸೊಂಟ ಹೋಯ್ತು ಮಾರಾಯ್ತಿ, ಇಲ್ಲಿ ದುಡ್ಡು ಕೊಟ್ಟು ತಗೊಳ್ತಾರಾ?” ಕಹಿಯ ಸರದಿಯಲ್ಲಿ ಬಂದದ್ದು ನಮ್ಮ ನೆಲಬೇವು. ಇವರ ಭಾಷೆಯಲ್ಲಿ ‘ಚ್ವಾನ್ ಶಿನ್ ಲಿಯೆನ್’. ಅದನ್ನು ಅಂಕಲ್ ತಾವೂ ಕಚ್ಚಿ, ಇಬ್ಬರೂ ಮುಖ ಹಿಂಡಿಕೊಂಡು ನಿಂತರು.

ಅಮ್ಮ ಸೋತದ್ದು ಒಂದೇ ಕಡೆ: ಕಪ್ಪಗೆ ಒಣಗಿ ಬೆಂಡಾದ ಒಂದು ಸಿಪ್ಪೆ. ಮ್ಯಾಂಡರಿನ್ ಕಿತ್ತಳೆಯದು, ಚೀನಾದ ಶಿನ್‌ಹ್ವೇ ಸೀಮೆಯದಂತೆ. ಹಳತಾದಷ್ಟೂ ಬೆಲೆ ಜಾಸ್ತಿ. “ಸಿಪ್ಪೆಗೂ ರೇಟಾ?” ಅಂದಳು. ನಮ್ಮನೆ ಅಟ್ಟದಲ್ಲಿ ಹತ್ತು ವರ್ಷದ ಹಳೇ ನಿಂಬೆ ಉಪ್ಪಿನಕಾಯಿಯ ಭರಣಿ ಬಟ್ಟೆ ಕಟ್ಟಿಕೊಂಡು ಕೂತಿರೋದನ್ನು ನೆನಪಿಸಿದ ಮೇಲೆ ಸುಮ್ಮನಾದಳು.

ಇಲ್ಲಿಯವರ ಮಾತಿನಲ್ಲಿ ದಿನಕ್ಕೆ ಹತ್ತು ಸಲ ಬರುವ ‘ಹೀಟಿ’, ‘ಕೂಲಿಂಗ್’ ಅಂದರೆ ನಮ್ಮ ಉಷ್ಣ, ತಂಪು. ಡುರಿಯನ್ ತಿಂದರೆ ಉಷ್ಣ, ಅದರ ಹಿಂದೆ ಮ್ಯಾಂಗೊಸ್ಟೀನ್ ತಿಂದರೆ ತಂಪು. ಬಾಯಿಹುಣ್ಣಾದರೆ ಸೇವಂತಿಗೆ ಟೀ. ಕನ್ನಡದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆಲ್ಲ ಆಧಾರ ಇದೆಯೋ ಇಲ್ಲವೋ ಅನ್ನೋ ಜಗಳ ನನಗೆ ನಮ್ಮವರ ಜೊತೆ ಮನೆಯಲ್ಲೇ ಸಾಕಷ್ಟು ಆಗುತ್ತೆ, ಇಲ್ಲಿ ಬೇಡ.

ಈಗ ತಕರಾರು.

ಅಮ್ಮನಿಗೆ ಎರಡನೇ ತಿಂಗಳಲ್ಲಿ ಕೆಮ್ಮು ಹಿಡಿಯಿತು, ಗಂಟಲು ಕೂತುಹೋಯಿತು. ಕೌಂಟರಿನಲ್ಲಿ ಕೂತಿದ್ದ ಹುಡುಗ ಗಂಟಲಿಗೆ ಅಂತ ಕಟ್ಟಿಟ್ಟ ಟೀ ಪೊಟ್ಟಣ ಕೊಟ್ಟ. ಅಮ್ಮನಿಗೆ ಬಿಪಿ ಇದೆಯಾ, ಏನಾದರೂ ಮಾತ್ರೆ ತಗೊಳ್ತಾರಾ, ಒಂದು ಮಾತು ಕೇಳಲಿಲ್ಲ. ಪೊಟ್ಟಣ ಬಿಚ್ಚಿದರೆ ಕಾಲುಭಾಗ ಜೇಷ್ಠಮಧು. ಅದು ಜಾಸ್ತಿಯಾದರೆ ಬಿಪಿ ಏರುತ್ತೆ. ಅಮ್ಮ ಹದಿನಾಲ್ಕು ವರ್ಷದಿಂದ ಬಿಪಿ ಮಾತ್ರೆಯಲ್ಲಿದ್ದಾಳೆ. ಆ ಪೊಟ್ಟಣ ಹಾಗೇ ಉಳಿಯಿತು.

ಎರಡು ದಿನ ಬಿಟ್ಟು ಒಳಕೋಣೆಯಲ್ಲಿ ಕೂರುವ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ನೋಡುವುದಕ್ಕೆ 20 ಡಾಲರ್, ಮೂರು ದಿನದ ಕಷಾಯಕ್ಕೆ 18. ಇವರು ಕೇಳಿದ ಮೊದಲ ಪ್ರಶ್ನೆಯೇ ಇಂಗ್ಲಿಷ್ ಔಷಧಿ ಏನೇನು ನಡೀತಿದೆ ಅಂತ. ಆಮೇಲೆ ನಾಲಿಗೆ ನೋಡಿದರು. ಮೆತ್ತನೆಯ ಸಣ್ಣ ದಿಂಬಿನ ಮೇಲೆ ಕೈ ಇಡಿಸಿ ಮೂರು ಬೆರಳಲ್ಲಿ ನಾಡಿ ಹಿಡಿದರು, ಒಂದು ಕೈ ಆಯಿತು, ಇನ್ನೊಂದು ಕೈ. ಜೇಷ್ಠಮಧು ಬಿಟ್ಟು ಚೀಟಿ ಬರೆದರು. ಸಿಂಗಪುರದಲ್ಲಿ 2000ನೇ ಇಸವಿಯ ಕಾಯ್ದೆಯ ಪ್ರಕಾರ ಚೀನೀ ವೈದ್ಯರು ನೋಂದಾಯಿಸಿಕೊಂಡಿರಲೇಬೇಕು, ಸರ್ಟಿಫಿಕೇಟು ಗೋಡೆ ಮೇಲಿತ್ತು. ಕೌಂಟರಿನಲ್ಲಿ ಕೂತವರಿಗೂ ಒಳಗೆ ಕೂತವರಿಗೂ ಇರುವ ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ.

ನಾವು ಶಾಕಾಹಾರಿಗಳು ಅಂತ ವೈದ್ಯೆಗೆ ಎರಡು ಸಲ ಹೇಳಿದ್ದೆ. ಮನೆಗೆ ಬಂದು ಗುಲಾಬಿ ಬಣ್ಣದ ಕಾಗದ ಬಿಚ್ಚಿದೆ. ಬೇರು, ತೊಗಟೆ, ಸೇವಂತಿಗೆ, ಅದರ ನಡುವೆ ಕಂದು ಬಣ್ಣದ, ಗಾಳಿಯಷ್ಟು ಹಗುರದ, ಕಾಲು ಕಣ್ಣು ಎಲ್ಲ ಇರುವ ನಾಲ್ಕು ವಸ್ತು. ಬೆನ್ನ ಮೇಲೆ ಉದ್ದಕ್ಕೆ ಬಿರುಕು. ಅಡಿಕೆ ಮರದ ಬೊಡ್ಡೆಗೆ ಅಂಟಿಕೊಂಡಿರುತ್ತಲ್ಲ, ಜೀರುಂಡೆ ಕಳಚಿ ಹೋದ ಪೊರೆ, ಅದು. ಚಿಕ್ಕವರಿದ್ದಾಗ ಅದನ್ನು ಅಂಗಿಗೆ ಬ್ರೋಚಿನ ಹಾಗೆ ಸಿಕ್ಕಿಸಿಕೊಂಡು ತಿರುಗಿದ್ದೇವೆ. ಕುದಿಸಿ ಕುಡಿದಿಲ್ಲ.

ನಾಲ್ಕನ್ನೂ ಎಣಿಸಿ ಚೀಟಿಯಲ್ಲಿ ಸುತ್ತಿ ವಾಪಸು ತಗೊಂಡು ಹೋದೆ. ಅಂಕಲ್‌ಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. “ನಾಟ್ ಮೀಟ್ ಲಾ. ಇನ್‌ಸೆಕ್ಟ್ ಫ್ಲೈ ಅವೇ ಆಲ್ರೆಡಿ.” ಗಂಟಲು ಕೂತರೆ ಇದನ್ನೇ ಹಾಕೋದು, ಹುಳ ಸತ್ತಿಲ್ಲ, ಬಟ್ಟೆ ಬದಲಾಯಿಸಿ ಹೋಗಿದೆ. ಕೇಳಿದರೆ ಲೆಕ್ಕ ಸರಿಯಾಗಿಯೇ ಇದೆ! ವೈದ್ಯೆ ಮಾತ್ರ ಸಾರಿ ಕೇಳಿದರು, ಅದನ್ನು ಬಿಟ್ಟು ಬೇರೆ ಪೊಟ್ಟಣ ಕಟ್ಟಿಸಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಅವತ್ತು ತಿಳಿದದ್ದು ಇಷ್ಟು: ಇವರಲ್ಲಿ ‘ಶಾಕಾಹಾರ’ ಅನ್ನೋದು ಊಟದ ಮಾತು, ಔಷಧಿಗೆ ಅದು ತಾನಾಗಿ ಅನ್ವಯಿಸಲ್ಲ. ಎರೆಹುಳ, ಹಲ್ಲಿ, ಕತ್ತೆ ಚರ್ಮದ ಅಂಟು, ಎಲ್ಲ ಮದ್ದಿನ ಸಾಲಿನಲ್ಲೇ ಕೂತಿರುತ್ತವೆ. ‘ಪ್ರಾಣಿಯದ್ದು ಏನೂ ಬೇಡ, ಹುಳದ್ದೂ ಬೇಡ, ಚಿಪ್ಪೂ ಬೇಡ’ ಅಂತ ಒಂದೊಂದಾಗಿ ಹೇಳಿ, ಬರೆಸಿಕೊಳ್ಳಿ.

ಕಷಾಯ ಮಾಡುವ ಕ್ರಮ ಅಮ್ಮನಿಗೆ ಹೇಳಿಕೊಡಬೇಕಾಗಲಿಲ್ಲ. ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಬೇಕು, ಮಣ್ಣಿನ ಪಾತ್ರೆ ಒಳ್ಳೆಯದು, ಕಬ್ಬಿಣ ಅಲ್ಯೂಮಿನಿಯಂ ಬೇಡ. ಮನೆಯೆಲ್ಲ ಎರಡು ದಿನ ಅದೇ ವಾಸನೆ. ಕಹಿ ಅಂದರೆ ಕಹಿ. ಅದಕ್ಕೇ ಪೊಟ್ಟಣದ ಜೊತೆ ಬಾಯಿ ಸಿಹಿಗೆ ಅಂತ ಒಂದು ಸುರುಳಿ ‘ಹಾ ಫ್ಲೇಕ್ಸ್’ ಇಟ್ಟಿರುತ್ತಾರೆ, ಹುಳಿಸಿಹಿಯ ಗುಲಾಬಿ ಬಿಲ್ಲೆಗಳು, ನಾಣ್ಯದಷ್ಟು ಅಗಲ. ಅದನ್ನು ನನ್ನ ದೊಡ್ಡ ಮಗಳೇ ಮುಗಿಸಿದಳು. ಅಮ್ಮನ ಕೆಮ್ಮು ಹೋಯಿತು, ಆದರೆ ಅಷ್ಟರಲ್ಲಿ ಒಂಬತ್ತು ದಿನ ಆಗಿತ್ತು. ಕಷಾಯದಿಂದ ಹೋಯಿತು ಅಂತ ಪ್ರಮಾಣ ಮಾಡಿ ಹೇಳಲಾರೆ.

ನನ್ನ ಲೆಕ್ಕದಲ್ಲಿ ಅಡುಗೆಮನೆ ಸಾಮಾನಿಗೆ ಈ ಅಂಗಡಿಗೆ ಐದಕ್ಕೆ ಐದು, ಕಷಾಯಕ್ಕೆ ಮೂರು.

ಏನು ತಗೋಬೇಕು ಅಂದರೆ, ಮೊದಲು ಸೇವಂತಿಗೆ. ಬಾಗಿಲ ಹತ್ತಿರ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಮಾಡಿಟ್ಟ ಟೀ ಲೋಟಕ್ಕೆ 1.80 ಡಾಲರ್, ಆದರೆ ಸಕ್ಕರೆ ಸುರಿದಿರುತ್ತಾರೆ. ಒಣ ಹೂವೇ ಕೊಳ್ಳಿ. ಹಳದಿ ನಡುವಿನ ಬಿಳಿ ಹೂವು, ಹಾಂಗ್‌ಚೌ ಕಡೆಯದು, ಐದಾರು ಹೂವಿಗೆ ಒಂದು ದೊಡ್ಡ ಲೋಟ ಬಿಸಿನೀರು, ಹತ್ತು ಗೋಜಿ ಹಣ್ಣು. ದೇವರಿಗೆ ಮುಡಿಸುವ ಹೂವನ್ನು ಕುಡಿಯೋದು ಹೇಗೆ ಅಂತ ಅಮ್ಮ ಮೊದಲ ದಿನ ಅನುಮಾನಿಸಿದಳು. ಮೂರನೇ ದಿನದಿಂದ ಮಧ್ಯಾಹ್ನದ ಕಾಫಿ ಬಿಟ್ಟಳು. ಕಾಫಿ! ನಮ್ಮಮ್ಮ!

ಎರಡನೆಯದು ಬಿಳಿ ಅಣಬೆ. ಒಣಗಿದಾಗ ಗಟ್ಟಿ ಸ್ಪಂಜಿನ ಹಾಗೆ ಇರುತ್ತೆ, ಅಂಗೈಯಷ್ಟು. ಅರ್ಧ ಗಂಟೆ ನೀರಲ್ಲಿ ನೆನೆದರೆ ಬೋಗುಣಿ ತುಂಬುತ್ತೆ, ತೆಳ್ಳನೆ ಪಾರದರ್ಶಕ ಎಸಳು ಎಸಳಾಗಿ. ಬುಡದ ಹಳದಿ ಗಂಟು ಕತ್ತರಿಸಿ ಬಿಸಾಕಿ. ಅದರ ಜೊತೆ ಹಾಕುವ ತಾವರೆ ಬೀಜದ ನಡುವಿನ ಹಸಿರು ಮೊಳಕೆ ತೆಗೆಯಿರಿ, ಇಲ್ಲದಿದ್ದರೆ ಇಡೀ ಪಾತ್ರೆ ಕಹಿ. ಕೆಂಪು ಡೇಟ್ಸ್ ಅನ್ನೋದು ಖರ್ಜೂರ ಅಲ್ಲ, ನಮ್ಮ ಎಲಚಿ ಹಣ್ಣಿನ ಜಾತಿ. ಅದರ ಬೀಜ ಉಷ್ಣ ಅಂತ ತೆಗೆದು ಹಾಕುತ್ತಾರೆ. ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಒಂದು ಗಂಟೆ. ನೀರು ಮಂದವಾಗಿ, ಸೌಟಿನಿಂದ ನಿಧಾನ ಇಳಿಯೋ ಹದಕ್ಕೆ ಬಂದಾಗ ಕಲ್ಲುಸಕ್ಕರೆ, ಒಣ ಲೋಂಗನ್ ಹಣ್ಣು ಒಂದು ಹಿಡಿ. ಹಾಲಿಲ್ಲದ ಪಾಯಸ. ಅಮ್ಮ ಕೊನೆಗೆ ಒಂದು ಏಲಕ್ಕಿ ಜಜ್ಜಿ ಹಾಕಿದಳು, ಎದುರುಮನೆ ಆಂಟಿಗೂ ಕೊಟ್ಟು ಕಳಿಸಿದಳು, ಅವರು ಪಾತ್ರೆ ಖಾಲಿ ಮಾಡಿ ಕಳಿಸಿದರು. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರೋ ಅಣಬೆ ತಗೋಬೇಡಿ, ಗಂಧಕದ ಹೊಗೆ ಕೊಟ್ಟಿರಬಹುದು. ಸ್ವಲ್ಪ ಹಳದಿ ತಿರುಗಿದ್ದೇ ಒಳ್ಳೆಯದು, ಅದನ್ನು ಅಂಕಲ್ ತಾವೇ ಹೇಳುತ್ತಾರೆ.

‘ಛ್ಯೆನ್ ಶ್ರ್’ ಅನ್ನೋ ಗುಂಡು ಬೀಜ ಕಂಡರೆ ಅದು ನಮ್ಮ ಮಖಾನಾ ಗಿಡದ್ದೇ, ಇವರು ಅರಳಿಸದೆ ಹಾಗೇ ಬೇಯಿಸುತ್ತಾರೆ. ಮಖಾನಾ ಬೇಕಾದವರು ಲಿಟ್ಲ್ ಇಂಡಿಯಾಕ್ಕೇ ಹೋಗಿ.

ಬಾಣಂತಿಯರಿಗೆ ಒಂದು ಮಾತು. ಕೂಸಿಗೆ ಕಾಮಾಲೆ ಇಳಿಯೋವರೆಗೆ ಯಾವ ಬೇರೂ ಬೇಡ ಅಂತ ಆಸ್ಪತ್ರೆಯ ನರ್ಸ್ ನನಗೆ ಹೇಳಿದ್ದರು, ನಾನು ಕಾದೆ. ಈ ದೇಶದಲ್ಲಿ 1965ರಿಂದ ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿ ರಕ್ತದಲ್ಲಿ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಕೊರತೆ ಇದೆಯಾ ಅಂತ ನೋಡುತ್ತಾರೆ. ಅಂಥ ಕೂಸುಗಳಿಗೆ ತೊಂದರೆ ಅಂತಲೇ ಹ್ವಾಂಗ್ ಲಿಯೆನ್ ಬೇರನ್ನು 1978ರಲ್ಲಿ ನಿಷೇಧಿಸಿ ದಶಕಗಳಾದ ಮೇಲಷ್ಟೇ ತೆರವು ಮಾಡಿದರು. ಅದರಲ್ಲಿರುವ ಬರ್ಬರಿನ್ ಅನ್ನೋ ಅಂಶ ನಮ್ಮ ಮರದರಿಶಿಣದಲ್ಲೂ ಇದೆ. ಊರಿಂದ ಡಬ್ಬಿ ಕಟ್ಟಿಕೊಂಡು ಬರುವ ಅಜ್ಜಿಯರು ಗಮನಿಸಬೇಕು. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ‘ದಾಂಗ್ ಗ್ವೇ’ ಅನ್ನೋ ಬೇರು ಇರುವ ಸೂಪು, ಟೀ ಮುಟ್ಟಬೇಡಿ.

ಸಣ್ಣ ಅಂಗಡಿಗೆ ಅಂಜಿಕೆ ಅನ್ನುವವರಿಗೆ ಸೌತ್ ಬ್ರಿಡ್ಜ್ ರಸ್ತೆಯ ಯೂ ಯಾನ್ ಸಾಂಗ್ ಇದೆ. 1879ರಲ್ಲಿ ಮಲಯದ ಗೋಪೆಂಗ್‌ನಲ್ಲಿ ಹುಟ್ಟಿದ ಸಂಸ್ಥೆ, 1910ರಲ್ಲಿ ಇಲ್ಲಿಗೆ ಬಂತು. ಮಾರಿಯಮ್ಮನ ಗುಡಿಗೆ ಹೋದವರು ಅಲ್ಲೇ ನಾಲ್ಕು ಹೆಜ್ಜೆ ನಡೆದರಾಯಿತು. ಡಬ್ಬಿಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತೆ, ಬೆಲೆ ಮಾತ್ರ ನಮ್ಮ ಅಂಕಲ್‌ಗಿಂತ ಹೆಚ್ಚು. ದುಡ್ಡಿಲ್ಲದವರನ್ನು ಕುಲಧರ್ಮ ನೋಡದೆ ಉಚಿತವಾಗಿ ನೋಡೋಕೆ ಅಂತ 1867ರಲ್ಲಿ ಶುರುವಾದ ತೋಂಗ್ ಚಾಯ್ ವೈದ್ಯಾಲಯ ಚಿನ್ ಸ್ವೀ ರಸ್ತೆಯಲ್ಲಿದೆ. ನಮ್ಮ ಮನೆ ಕೆಲಸದಾಕೆ ಮಂಡಿನೋವಿಗೆ ಅಲ್ಲಿಗೇ ಹೋಗುತ್ತಾಳೆ.

ಅಮ್ಮ ವಾಪಸು ಹೋಗುವಾಗ ಸೀರೆಗಳ ನಡುವೆ ಅರ್ಧ ಕಿಲೋ ಸೇವಂತಿಗೆ ಇಟ್ಟುಕೊಂಡು ಹೋದಳು. ಅಂಕಲ್‌ಗೆ ಕೊಡು ಅಂತ ಈ ಸಲ ಊರಿಂದ ಒಂದು ಪೊಟ್ಟಣ ಕಳಿಸಿದ್ದಾಳೆ: ನಮ್ಮ ಗದ್ದೆಯ ಕೊನ್ನಾರಿ ಗೆಡ್ಡೆ, ತೊಳೆದು ಒಣಗಿಸಿದ್ದು. ಅಂಕಲ್ ಒಂದನ್ನು ಕಚ್ಚಿ ನೋಡಿ, ಸೆಳೆಖಾನೆ ಎಳೆದು ತಮ್ಮದನ್ನೂ ಕಚ್ಚಿ, “ಯೋರ್ ಮದರ್ ಒನ್ ಸ್ಟ್ರಾಂಗರ್” ಅಂದರು. ಹಾ ಫ್ಲೇಕ್ಸ್ ಎರಡು ಸುರುಳಿ ಪುಕ್ಕಟೆ ಕೊಟ್ಟರು.

ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟು, ಭಾನುವಾರ ಮಧ್ಯಾಹ್ನದವರೆಗೆ. ವೈದ್ಯೆ ಮಂಗಳವಾರ ಇರಲ್ಲ. ಕಾರ್ಡ್ ನಡೆಯಲ್ಲ, ನಗದು ಇಲ್ಲವೇ ಪೇನೌ (ಇಲ್ಲಿಯ ಮೊಬೈಲ್ ಪಾವತಿ). ಚೀನೀ ಹೊಸವರ್ಷಕ್ಕೆ ಒಂದು ವಾರ ಬಾಗಿಲು ಹಾಕುತ್ತಾರೆ, ಸೇವಂತಿಗೆ ಮೊದಲೇ ತಂದಿಟ್ಟುಕೊಳ್ಳಿ.